ಹಳೆಯ ಡೀಸೆಲ್ ಕಾರಿನ ಆಲ್ಟರ್ನೇಟರ್

ಪ್ರಶ್ನೆ: ಮೂರು ಲಕ್ಷ ಕಿಲೋಮೀಟರ್ ಓಡಿರುವ ನನ್ನ ಡೀಸೆಲ್ ಕಾರಿನಲ್ಲಿ ಬ್ಯಾಟರಿಯ ಎಚ್ಚರಿಕೆ ದೀಪ ಆಗಾಗ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಮನೆಯಲ್ಲೇ ಬದಲಿಸಬಹುದೇ?

ಉತ್ತರ: ಬದಲಿಸಬಹುದು, ಆದರೆ ದೋಷ ಅದರದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಾಣಬೇಕು. ಬೆಲ್ಟ್ ಬಿಗಿಯಾಗಿದ್ದು, ವೈರುಗಳ ಸಂಪರ್ಕ ಸರಿಯಿದ್ದೂ ವೋಲ್ಟ್ ಅಳೆಯುವ ಮಲ್ಟಿಮೀಟರ್ 13ಕ್ಕಿಂತ ಕಡಿಮೆ ತೋರಿಸಿದರೆ, ಆಲ್ಟರ್ನೇಟರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿರುವ ಸಾಧ್ಯತೆ ಹೆಚ್ಚು. ಕೆಲವು ಮಾದರಿಗಳಲ್ಲಿ ಬ್ರಶ್ ಮತ್ತು ವೋಲ್ಟೇಜನ್ನು ನಿಯಂತ್ರಿಸುವ ರೆಗ್ಯುಲೇಟರನ್ನಷ್ಟೇ ಬದಲಿಸಿದರೂ ಸಾಕಾಗುತ್ತದೆ.

ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ನೆಗೆಟಿವ್ ಕೇಬಲನ್ನು ಕಳಚಲೇಬೇಕು, ಏಕೆಂದರೆ ಆಲ್ಟರ್ನೇಟರಿನ ದಪ್ಪ ವೈರಿನಲ್ಲಿ ಇಗ್ನಿಷನ್ ಆಫ್ ಆಗಿದ್ದರೂ ವಿದ್ಯುತ್ ಇರುತ್ತದೆ, ಅದಕ್ಕೆ ಹಾಕಿದ ಸ್ಪ್ಯಾನರ್ ಕಾರಿನ ಲೋಹಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಬೆಲ್ಟ್ ಸಾಗುವ ದಾರಿಯ ಚಿತ್ರ ತೆಗೆದಿಟ್ಟುಕೊಂಡು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲಿಸಿ, ಬೋಲ್ಟುಗಳನ್ನು ಬಿಚ್ಚಿ.

ಡೀಸೆಲ್ ಎಂಜಿನ್ನಿನ ಜಗ್ಗಾಟವನ್ನು ತಗ್ಗಿಸಲು ಅನೇಕ ಕಾರುಗಳ ಆಲ್ಟರ್ನೇಟರಿನಲ್ಲಿ ಒಂದೇ ದಿಕ್ಕಿಗೆ ಹಿಡಿತ ಕೊಡುವ ಪುಲ್ಲಿ (ಬೆಲ್ಟ್ ಸುತ್ತಿಕೊಳ್ಳುವ ಚಕ್ರ) ಇರುತ್ತದೆ. ಅದರ ಬದಲು ಸಾಧಾರಣ ಪುಲ್ಲಿಯಿರುವ ಅಗ್ಗದ ಆಲ್ಟರ್ನೇಟರ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಉಳಿತಾಯವೇ ಅಲ್ಲ, ಬೆಲ್ಟೂ ಟೆನ್ಷನರೂ ಬೇಗ ಹಾಳಾಗುತ್ತವೆ. ಆಂಪಿಯರ್ ಸಾಮರ್ಥ್ಯವೂ ಹಳೆಯದಕ್ಕಿಂತ ಕಡಿಮೆ ಇರಬಾರದು. ಕೆಲವು ಹಳೆಯ ಡೀಸೆಲ್‌ಗಳಲ್ಲಿ ಬ್ರೇಕ್ ಒತ್ತುವುದನ್ನು ಹಗುರವಾಗಿಸುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಹಿಂಬದಿಯಲ್ಲೇ ಇರುತ್ತದೆ. ಹಾಗಿದ್ದರೆ ಈ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ. ಹೊಸದನ್ನು ಜೋಡಿಸಿದ ಮೇಲೆ ಬರಿದಾದ ಬ್ಯಾಟರಿಯನ್ನು ಚಾರ್ಜರಿನಿಂದಲೇ ತುಂಬಿಸಿ, ಆ ಹೊರೆಯನ್ನು ಆಲ್ಟರ್ನೇಟರಿನ ಮೇಲೆ ಹಾಕಬೇಡಿ.