ಬಿ.ಕಾಂ. ಮುಗಿಸಿ ಸಣ್ಣ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಬಹುದೇ?

ಬಿ.ಕಾಂ. ಆಗಿದೆ, ಸಿ.ಎ. ಓದುವ ಮನಸ್ಸಿಲ್ಲ, ಮಂಗಳೂರಿನ ಬಂದರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯವರು ಲೆಕ್ಕ ಬರೆಯಲು ಕರೆದಿದ್ದಾರೆ ಎಂದು ಬರೆದಿದ್ದೀರಿ. ಸೇರಿದರೆ ‘ಅಂಗಡಿಯ ಗುಮಾಸ್ತ’ ಎಂಬ ಹಣೆಪಟ್ಟಿ ಬೀಳುತ್ತದೆಯೇ, ದೊಡ್ಡ ಕಂಪೆನಿಗೆ ಕಾಯಬೇಕೇ, ಇಪ್ಪತ್ತು ಸಾವಿರ ಕೊಟ್ಟು ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಕೋರ್ಸ್ ಮಾಡಬೇಕೇ ಎಂಬುದು ನಿಮ್ಮ ಪ್ರಶ್ನೆ.

ಸೇರಿ. ಆದರೆ ನೀವು ಬರೆದದ್ದನ್ನು ನೋಡಿ ತಿದ್ದುವವರು ಒಬ್ಬರು ಇದ್ದಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ನಾನು 2015ರಲ್ಲಿ ಮಲ್ಪೆ ಬಂದರಿನ ಹತ್ತಿರ ಬಲೆ, ಹಗ್ಗ, ಎಂಜಿನ್ ಬಿಡಿಭಾಗ ಮಾರುವ ಅಂಗಡಿಯೊಂದಕ್ಕೆ ಸೇರಿದೆ. ಸಂಬಳ ತಿಂಗಳಿಗೆ ಏಳು ಸಾವಿರ. ಕಾಲೇಜಿನ ಲೆಕ್ಕಗಳಲ್ಲಿ ಬಾಕಿದಾರರೆಂದರೆ ಮನುಷ್ಯರು. ಇಲ್ಲಿ ಪುಸ್ತಕ ತೆರೆದರೆ ಖಾತೆಗಳೆಲ್ಲ ಬೋಟಿನ ಹೆಸರಿನಲ್ಲಿ. ಅದರಲ್ಲೂ ಒಂದೇ ದೇವಿಯ ಹೆಸರಿನ ಬೋಟು ಮೂರು. ಮೊದಲ ವಾರವೇ ಒಬ್ಬರು ಕೊಟ್ಟ ಹಣವನ್ನು ಇನ್ನೊಬ್ಬರ ಬೋಟಿಗೆ ಜಮಾ ಮಾಡಿ ಬೈಸಿಕೊಂಡೆ. ಆಮೇಲೆ ಅವುಗಳಲ್ಲೊಂದು ಬೋಟು ಮಾರಾಟವಾಯಿತು. ಪುಸ್ತಕದಲ್ಲಿ ಹೆಸರು ಅದೇ, ಬಾಕಿಯೂ ಅದೇ, ಮಾಲೀಕರು ಮಾತ್ರ ಬೇರೆ. ಹೊಸಬರು ‘ನನಗೇನು ಗೊತ್ತು’ ಎಂದರು, ಹಳಬರು ಫೋನ್ ಎತ್ತಲಿಲ್ಲ. ಅಂಗಡಿಯ ಧಣಿಗಳು, “ಸಾಲ ಮಾಡಿದ್ದು ಬೋಟಲ್ಲವಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಅಂದು ರಾತ್ರಿ ಕುಳಿತು ಪ್ರತಿ ಬೋಟಿನ ಎದುರು ಮಾಲೀಕರ ಹೆಸರು, ಊರು, ಫೋನ್ ನಂಬರ್ ಬರೆದೆ. ನನ್ನ ವೃತ್ತಿಯ ಮೊದಲ ನಿಜವಾದ ಕೆಲಸ ಅದು ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಜೂನ್ ಬಂತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಾಕಿ ಪಟ್ಟಿ ಉದ್ದವಾಗುತ್ತಲೇ ಹೋಯಿತು, ಬ್ಯಾಂಕಿನ ಓ.ಡಿ. (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಸಾಲ) ಮಿತಿಯ ಅಂಚಿಗೆ ಬಂದಿತ್ತು. ಅಂಗಡಿ ಮುಳುಗಿತೆಂದೇ ತಿಳಿದು ಪಟ್ಟಿಯನ್ನು ಧಣಿಗಳ ಮೇಜಿನ ಮೇಲಿಟ್ಟೆ. ಅವರು ನಕ್ಕರು. “ಬೋಟು ದಡದಲ್ಲಿ ಕೂತಿರುವಾಗ ದುಡ್ಡು ಎಲ್ಲಿಂದ ಬರುತ್ತದೆ ಮಾರಾಯ?” ಬಲೆ ದುರಸ್ತಿ, ಎಂಜಿನ್ ಕೆಲಸ ಎಲ್ಲ ನಡೆಯುವುದೂ ಅದೇ ಎರಡು ತಿಂಗಳಲ್ಲಿ, ಸರಕು ಹೋಗುವುದು ಆಗ, ಹಣ ಬರುವುದು ಬೋಟುಗಳು ಕಡಲಿಗಿಳಿದು ಮೀನು ತಂದ ಮೇಲೆ. ಇಡೀ ವರ್ಷದ ಈ ಏರಿಳಿತವನ್ನು ಒಂದೇ ಮೇಜಿನಲ್ಲಿ ಕುಳಿತು ನೋಡುವ ಭಾಗ್ಯ ದೊಡ್ಡ ಕಂಪೆನಿಯಲ್ಲಿ ಹೊಸಬರಿಗೆ ಸಿಗುವುದಿಲ್ಲ. ನನ್ನ ಜೊತೆ ಓದಿದವನೊಬ್ಬ ಬೆಂಗಳೂರಿನಲ್ಲಿ ಮೂರು ವರ್ಷ ಸರಬರಾಜುದಾರರ ಬಿಲ್ಲುಗಳನ್ನು ಮಾತ್ರ ನಮೂದಿಸಿದ. ಸಂಬಳ ನನ್ನ ಮೂರು ಪಟ್ಟು, ಅದು ಬೇರೆ ಮಾತು.

ಇನ್ನು ಆ ತಿದ್ದುವವರ ವಿಷಯ. ಅಂಗಡಿಯ ಪಿಕಪ್ ಗಾಡಿಯ ಸಾಲದ ಕಂತು ತಿಂಗಳಿಗೆ 11,400 ರೂಪಾಯಿ. ಎಂಟು ತಿಂಗಳು ಇಡೀ ಕಂತನ್ನು ವಾಹನದ ಖರ್ಚೆಂದು ಬರೆದೆ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಕಳೆದ ಮೇಲೆ ಆಡಿಟರ್ ಕಚೇರಿಯಿಂದ ಬಂದ, ಸಿ.ಎ. ಓದುತ್ತಾ ಅಲ್ಲಿ ತರಬೇತಿಯಲ್ಲಿದ್ದ ಆರ್ಟಿಕಲ್ ಹುಡುಗಿ ಹತ್ತೇ ನಿಮಿಷದಲ್ಲಿ ಹಿಡಿದಳು: “ಸಾಲ ತಗೊಂಡ ದಿನ ಎಷ್ಟಿತ್ತೋ ಈಗಲೂ ಅಷ್ಟೇ ಇದೆಯಲ್ಲ, ಬ್ಯಾಂಕಿನವರು ಇಷ್ಟು ಒಳ್ಳೆಯವರೇ?” ನಾನು ಬರೆದ 91,200ರಲ್ಲಿ ಬಡ್ಡಿಯಷ್ಟೇ ಖರ್ಚು, ಉಳಿದದ್ದು ತೀರಿದ ಅಸಲು. ಬ್ಯಾಂಕಿನಿಂದ ಸಾಲದ ಪಟ್ಟಿ ತರಿಸಿ ಎಂಟೂ ನಮೂದುಗಳನ್ನು ಒಡೆದು ಬರೆದೆವು. ಅವಳು ಬಾರದಿದ್ದರೆ ನಾನು ಆ ತಪ್ಪನ್ನೇ ಅನುಭವ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅದಕ್ಕೇ ಹೇಳಿದ್ದು, ಸಣ್ಣ ಅಂಗಡಿಯಲ್ಲಿ ನಿಮಗಿಂತ ಹೆಚ್ಚು ತಿಳಿದವರು ಪಕ್ಕದಲ್ಲಿ ಇರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಆಡಿಟರೋ ತೆರಿಗೆ ಸಲಹೆಗಾರರೋ ಪುಸ್ತಕ ನೋಡುತ್ತಾರೆಯೇ ಎಂದು ಕೇಳಿ. ನೋಡುತ್ತಾರಾದರೆ ಅವರು ಬಂದ ದಿನ ರಜೆ ಹಾಕಬೇಡಿ.

ಅಕ್ಕಪಕ್ಕದಲ್ಲಿ ಲೆಕ್ಕ ಬರೆಯುವ ಹಿರಿಯ ರೈಟರುಗಳನ್ನೂ ಬಿಡಬೇಡಿ. ಬ್ಯಾಂಕಿಗೂ ನನ್ನ ಪುಸ್ತಕಕ್ಕೂ 2,700 ರೂಪಾಯಿ ತಾಳೆಯಾಗದೆ ತಲೆ ಕೆಡಿಸಿಕೊಂಡಿದ್ದಾಗ ಪಕ್ಕದ ಐಸ್ ಪ್ಲಾಂಟಿನ ರೈಟರು, “ಒಂಬತ್ತರಿಂದ ಭಾಗವಾಗುತ್ತದಾ ನೋಡು” ಎಂದರು. ಆಗುತ್ತಿತ್ತು. ಹಾಗಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬೇಕು ಎಂದರು. ಹುಡುಕಿದರೆ 4,150 ಇರಬೇಕಾದಲ್ಲಿ 1,450 ಬರೆದಿದ್ದೆ.

ನಿಮಗೆ ಬಂದಿರುವುದು ಹಾರ್ಡ್‌ವೇರ್ ಅಂಗಡಿ ಎಂಬುದು ನನ್ನ ಮಟ್ಟಿಗೆ ಒಳ್ಳೆಯ ಸುದ್ದಿ. ಹೋಟೆಲಿನಲ್ಲಿ ದಿನದ ನಗದು ಎಣಿಸುವ ಶಿಸ್ತು ಬರುತ್ತದೆ, ಉಡುಪಿಯವನಾಗಿ ಅದನ್ನು ಹಗುರವಾಗಿ ಹೇಳಲಾರೆ. ಆದರೆ ಸಾಮಾನ್ಯ ಹೋಟೆಲು ಶೇ. 5ರ ಜಿಎಸ್‌ಟಿ ಕಟ್ಟುತ್ತದೆ, ಖರೀದಿಯ ತೆರಿಗೆ ಹಿಂಪಡೆಯುವಂತಿಲ್ಲ, ಹಾಗಾಗಿ ಆ ಲೆಕ್ಕ ಅಲ್ಲಿ ಕಲಿಯಲು ಸಿಗುವುದಿಲ್ಲ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯ ಅಂಗಡಿಯೂ ಅದನ್ನು ಹಿಂಪಡೆಯುವಂತಿಲ್ಲ. ಹಾರ್ಡ್‌ವೇರ್‌ನಲ್ಲಿ ಗುತ್ತಿಗೆದಾರರು ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಕೇಳುತ್ತಾರೆ, ಐವತ್ತು ಸಾವಿರ ಮೀರಿದ ಲೋಡಿಗೆ ಸರಕು ಸಾಗಣೆಯ ಪರವಾನಗಿಯಂತಿರುವ ಇ-ವೇ ಬಿಲ್ ಬೇಕು, ಬೇರೆ ಬೇರೆ ದರದ ಸಾಮಾನು ಒಂದೇ ಬಿಲ್ಲಿನಲ್ಲಿರುತ್ತದೆ. ತಿಂಗಳ ಲೆಕ್ಕ ಸಲ್ಲಿಸುವ ಅಂಗಡಿಯಾದರೆ 7ಕ್ಕೆ ಟಿಡಿಎಸ್ (ಇತರರಿಗೆ ಹಣ ಕೊಡುವಾಗ ಹಿಡಿದ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಪಟ್ಟಿ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ನಡುವೆ 14ರಂದು ಬರುವ, ನಿಮಗೆ ಮಾರಿದವರು ಸಲ್ಲಿಸಿದ ಬಿಲ್ಲುಗಳ 2ಬಿ ಪಟ್ಟಿಯೇ ನಿಮ್ಮ ನಿಜವಾದ ಗುರು. ನೀವು ಹಣ ಕೊಟ್ಟು ತಂದ ಸರಕಿನ ಬಿಲ್ ಅದರಲ್ಲಿ ಇಲ್ಲದಿದ್ದರೆ ಆ ತೆರಿಗೆ ಈ ತಿಂಗಳು ಸಿಗುವುದಿಲ್ಲ. ಆಗ ಮಾರಿದವರ ಕಚೇರಿಗೆ ಫೋನ್ ಮಾಡಿ, ಜಗಳವಾಡದೆ, ಬಿಡದೆ, ಬಿಲ್ ಹಾಕಿಸಬೇಕು. ಈ ವಿದ್ಯೆಯನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಧಣಿಗಳು ಶನಿವಾರ ಗಲ್ಲಾಪೆಟ್ಟಿಗೆಯಿಂದ ಎಂಟು ಸಾವಿರ ತೆಗೆದುಕೊಂಡು ಹೋಗುತ್ತಾರೆ. ಕೇಳಲು ಸಂಕೋಚವಾಗುತ್ತದೆ. ಕೇಳಿ. ಮನೆಗೆ ಹೋದದ್ದಾದರೆ ಅವರ ಸ್ವಂತ ಖಾತೆಗೆ, ಲಾರಿ ಬಾಡಿಗೆಗೆ ಕೊಟ್ಟದ್ದಾದರೆ ಖರ್ಚಿಗೆ. ಸುಮ್ಮನಿದ್ದರೆ ತಿಂಗಳ ಕೊನೆಗೆ ನಗದು ಕಡಿಮೆ ಬಿದ್ದದ್ದು ನಿಮ್ಮ ಹೆಸರಿಗೆ.

ಎರಡು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಿ. ಅಂಗಡಿಯ ಜಿಎಸ್‌ಟಿ ನೋಂದಣಿಗೆ ನಿಮ್ಮ ಮೊಬೈಲ್ ನಂಬರ್ ಕೊಡಬೇಡಿ. ಕೆಲಸ ಬಿಟ್ಟ ಮೇಲೂ ಒಟಿಪಿ, ನೋಟಿಸು ನಿಮಗೇ ಬರುತ್ತಿರುತ್ತವೆ. ಎರಡನೆಯದು, ಸರಕಿಲ್ಲದ ಬಿಲ್, ಎಂದರೆ ಏನೂ ಮಾರದೆ ಬರೆಯುವ ಸುಳ್ಳು ಬಿಲ್. ನನ್ನ ಎರಡನೆಯ ಕೆಲಸದಲ್ಲಿ ಒಬ್ಬರು ‘ಬರೀ ಬಿಲ್ ತಾನೇ’ ಎಂದು ಬರೆಯಲು ಹೇಳಿದರು. ಆಗುವುದಿಲ್ಲ ಎಂದೆ, ಎರಡು ತಿಂಗಳ ಸಂಬಳ ಕೈತಪ್ಪಿತು. ಹೋಗಲಿ.

ಎರಡು ಮಾರ್ಚ್ ನೋಡುವವರೆಗೆ ಅಲ್ಲಿರಿ; ಮೊದಲ ಮಾರ್ಚಿನಲ್ಲಿ ಏನು ನಡೆಯುತ್ತಿದೆಯೆಂದೇ ತಿಳಿಯುವುದಿಲ್ಲ. ಆಮೇಲೆ ಬಿ.ಕಾಂ. ಆಧಾರದಲ್ಲಿ, ಬೇರೆಯವರ ಪರವಾಗಿ ರಿಟರ್ನ್ ಸಲ್ಲಿಸುವ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು ಪರೀಕ್ಷೆ ಬರೆಯಬಹುದು. ಆಡಿಟ್ ವರದಿಗೆ ಸಹಿ ಹಾಕುವುದು ಸಿ.ಎ.ಗಳ ಕೆಲಸವೇ, ಆದರೆ ಲೆಕ್ಕ ಬರೆದು ರಿಟರ್ನ್ ಸಲ್ಲಿಸಿ ಬದುಕಲು ಅದು ಅಡ್ಡಿಯಲ್ಲ. ನಾನೀಗ ಹನ್ನೊಂದು ಅಂಗಡಿಗಳ ಲೆಕ್ಕ ನೋಡುತ್ತೇನೆ. ಮೊದಲ ಎರಡನ್ನು ಕೊಡಿಸಿದವರು ಆ ಮಲ್ಪೆಯ ಧಣಿಗಳೇ.

ಟ್ಯಾಲಿಗೆ ಇಪ್ಪತ್ತು ಸಾವಿರ ಕೊಡಬೇಡಿ. ಟ್ಯಾಲಿ ಕಂಪೆನಿಯ ತಾಣದಿಂದ ಇಳಿಸಿಕೊಂಡು ಎಜುಕೇಷನಲ್ ಮೋಡ್‌ನಲ್ಲಿ ಪುಕ್ಕಟೆ ಕಲಿಯಬಹುದು. ತಿಂಗಳ 1, 2 ಮತ್ತು ಕೊನೆಯ ದಿನಾಂಕಕ್ಕೆ ಮಾತ್ರ ನಮೂದು ಹಾಕಲು ಬಿಡುತ್ತದೆ, ಕಲಿಯಲು ಅಷ್ಟು ಸಾಕು. ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ಒಂದು ತಿಂಗಳ ಹಾಲು, ಕರೆಂಟು, ಮೀನು, ಅಪ್ಪನ ಸಂಬಳ, ಗ್ಯಾಸಿನ ಲೆಕ್ಕವನ್ನು ಅದರಲ್ಲಿ ಬರೆದು, ಕೊನೆಗೆ ಉಳಿದ ನಗದು ಅಮ್ಮನ ಡಬ್ಬಿಯಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಿ.