ಯಾವ ಪುಟದಲ್ಲಿ ಹಾಗನ್ನಿಸಿತು?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಐದು ಜನ ಗೆಳತಿಯರು ತಿಂಗಳಿಗೊಂದು ಭಾಗದಂತೆ ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ ಓದಿ ಮುಗಿಸಿದ್ದೀರಿ. ಆದರೆ ಕೊನೆಯ ದಿನ ಮಾತು ಜಗಳಕ್ಕೆ ತಿರುಗಿತು. ಒಬ್ಬರು ‘ಅನ್ನಾ ಸ್ವಾರ್ಥಿ, ಮಗನನ್ನೇ ಬಿಟ್ಟು ಹೋದವಳು’ ಎಂದರು. ಇನ್ನೊಬ್ಬರು ‘ಅಂಥ ಗಂಡನ ಜೊತೆ ನೀನು ಬಾಳಿ ನೋಡು’ ಎಂದು ತಿರುಗಿಬಿದ್ದರು. ಮೂರನೆಯವರು, ಅನ್ನಾ ಸತ್ತ ಮೇಲೆ ಬರುವ ಎಂಟನೇ ಭಾಗವೇ ಬೇಕಿರಲಿಲ್ಲ ಎಂದರು. ನಾಲ್ಕನೆಯವರು ಏನೂ ಹೇಳದೆ ಬೇಗ ಎದ್ದು ಹೋದರು. ‘ಇಷ್ಟು ದೊಡ್ಡ ಕಾದಂಬರಿಯ ಬಗ್ಗೆ ಮಾತಾಡುವಷ್ಟು ನಮಗೆ ತಿಳಿಯದೇನೋ. ಬಲ್ಲವರೊಬ್ಬರನ್ನು ಕರೆಸಬೇಕಾ?’ ಎಂದು ಕೇಳಿದ್ದೀರಿ.

ಯಾರನ್ನೂ ಕರೆಸಬೇಡಿ. ಬಲ್ಲವರು ಬಂದರೆ ನೀವು ಐದೂ ಜನ ಸುಮ್ನೆ ಕೇಳುತ್ತಾ ಕೂರುತ್ತೀರಿ, ಅಷ್ಟೇ. ಈ ಕಾದಂಬರಿಯನ್ನು ಮೊದಲು ಓದಿದವರು ನಿಮ್ಮ ಹಾಗೇ ಓದಿದರು. 1875ರಿಂದ 1877ರವರೆಗೆ ‘ರಷ್ಯನ್ ಮೆಸೆಂಜರ್’ ಎಂಬ ಮಾಸಪತ್ರಿಕೆಯಲ್ಲಿ ಅದು ಕಂತು ಕಂತಾಗಿ ಬಂತು. ನಡುವೆ ತಿಂಗಳುಗಟ್ಟಲೆ ಕಂತೇ ಇರುತ್ತಿರಲಿಲ್ಲ. ಕಾಯುವುದು, ಮುಂದೇನಾಗಬಹುದು ಎಂದು ಮಾತಾಡಿಕೊಳ್ಳುವುದು, ಇವೆಲ್ಲ ಅವರ ಓದಿನಲ್ಲೇ ಸೇರಿದ್ದವು. ಎಂಟನೇ ಭಾಗ ಬೇಡವಾಗಿತ್ತು ಎಂದ ನಿಮ್ಮ ಗೆಳತಿಗೂ ಒಂದು ಮಾತು ತಿಳಿಸಿ. ಆ ಪತ್ರಿಕೆಯ ಸಂಪಾದಕ ಕಟ್ಕೋವ್ ಆ ಭಾಗವನ್ನು ಅಚ್ಚು ಹಾಕಲೇ ಇಲ್ಲ. ಸರ್ಬಿಯಾದ ಯುದ್ಧಕ್ಕೆ ಹೊರಟ ಸ್ವಯಂಸೇವಕರ ಬಗ್ಗೆ ಅದರಲ್ಲಿದ್ದ ಮಾತು ಅವರಿಗೆ ಹಿಡಿಸಲಿಲ್ಲ. ನಾಯಕಿ ಸತ್ತಳು, ಕಥೆ ಅಲ್ಲಿಗೆ ಮುಗಿಯಿತು ಎನ್ನುವ ಅರ್ಥದ ಪುಟ್ಟ ಟಿಪ್ಪಣಿ ಹಾಕಿ ಕೈತೊಳೆದುಕೊಂಡರು. ಟಾಲ್‌ಸ್ಟಾಯ್ ಆ ಭಾಗವನ್ನು ತಾವೇ ಬೇರೆಯಾಗಿ ಅಚ್ಚು ಹಾಕಿಸಬೇಕಾಯಿತು. ನಾನೂ ಒಬ್ಬ ಸಂಪಾದಕ. ಆದರೂ ಹೇಳುತ್ತೇನೆ, ಕಟ್ಕೋವ್ ಮಾಡಿದ್ದು ತಪ್ಪು. ಅನ್ನಾ ಇಲ್ಲದ ಆ 19 ಅಧ್ಯಾಯಗಳಲ್ಲಿ ಲೋಕ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದಲ್ಲ, ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಸಂಕಟ ನನಗೆ ಬೇಕು.

ಇನ್ನು ಮುಖ್ಯ ಜಗಳಕ್ಕೆ ಬರೋಣ. ನಿಮ್ಮಲ್ಲಿ ನಡೆದದ್ದನ್ನು ಗಮನಿಸಿ. ಎಲ್ಲರೂ ತೀರ್ಪು ಹಿಡಿದುಕೊಂಡು ಬಂದಿದ್ದರು, ಪುಸ್ತಕ ತೆರೆದವರು ಯಾರೂ ಇಲ್ಲ. ನಮ್ಮ ಬಳಗದಲ್ಲೂ ಹೀಗೇ ಆಗಿತ್ತು. ಆಗ ನನಗೆ ಇಪ್ಪತ್ತರ ಆಸುಪಾಸು. ಅನ್ನಾಳ ಗಂಡ ಕರೆನಿನ್ ಅಂದರೆ ಕಲ್ಲು ಎಂದು ಗಟ್ಟಿಯಾಗಿ ವಾದ ಮಾಡಿದ್ದೆ. ಒಬ್ಬ ಗೆಳೆಯ ‘ಯಾವ ಪುಟದಲ್ಲಿ ನಿನಗೆ ಹಾಗನ್ನಿಸಿತು, ತೆಗೆದು ಓದು’ ಎಂದ. ಮೊದಲನೇ ಭಾಗದ ಕೊನೆ ತೆಗೆದೆ. ಅನ್ನಾ ರೈಲು ಇಳಿಯುತ್ತಾಳೆ, ಎದುರಿಗೆ ಗಂಡ. ಅವಳ ಕಣ್ಣಿಗೆ ಮೊದಲು ಬೀಳುವುದು ಅವನ ಕಿವಿ. ಹ್ಯಾಟಿನ ಅಂಚಿಗೆ ಒತ್ತಿಕೊಂಡು ನಿಂತ ಆ ಕಿವಿಗಳು ಯಾಕೆ ಹೀಗಿವೆ ಎಂದು ಅವಳಿಗೆ ಅನ್ನಿಸುತ್ತದೆ. ಇಷ್ಟು ವರ್ಷ ಜೊತೆಗಿದ್ದವನ ಕಿವಿ ಆ ಒಂದು ದಿನ ಕಾಣಿಸಿತು, ಅಲ್ವಾ?

ನಾನು ಓದಿ ಮುಗಿಸಿದ ಮೇಲೆ ಗೆಳೆಯ ನಾಲ್ಕನೇ ಭಾಗದ 19ನೇ ಅಧ್ಯಾಯ ತೆಗೆದ. ಅನ್ನಾಗೆ ತನ್ನ ಪ್ರಿಯಕರ ವ್ರೋನ್‌ಸ್ಕಿಯಿಂದ ಹುಟ್ಟಿದ ಹೆಣ್ಣುಮಗು ತೊಟ್ಟಿಲಲ್ಲಿ ಮಲಗಿದೆ. ಕರೆನಿನ್ ದಿನಕ್ಕೆ ಎಷ್ಟೋ ಸಲ ಆ ಕೋಣೆಗೆ ಹೋಗುತ್ತಾನೆ. ಕೆಲವೊಮ್ಮೆ ಅರ್ಧ ಗಂಟೆ ಆ ಕೆಂಪು, ಸುಕ್ಕುಸುಕ್ಕು ಮುಖವನ್ನೇ ನೋಡುತ್ತಾ ಕೂರುತ್ತಾನೆ. ಮೊದಮೊದಲು ಅವನೆದುರು ಅಂಜುತ್ತಿದ್ದ ದಾದಿಯರು ಆಮೇಲಾಮೇಲೆ ಒಗ್ಗಿಕೊಳ್ಳುತ್ತಾರೆ. ನಾನು ಆ ಸಾಲುಗಳನ್ನು ಓದಿದ್ದೆ, ಆದರೆ ನನ್ನ ಕಣ್ಣು ಅಲ್ಲಿ ನಿಂತಿರಲೇ ಇಲ್ಲ. ಗೆಳೆಯ ಗಟ್ಟಿಯಾಗಿ ಓದುವಾಗ ನನ್ನ ಗಂಟಲು ಕಟ್ಟಿತು. ಕಿವಿಯೂ ಅವನದೇ, ಆ ತೊಟ್ಟಿಲ ಪಕ್ಕ ಕೂತವನೂ ಅವನೇ. ನಿಮ್ಮ ಇಬ್ಬರು ಗೆಳತಿಯರ ಮುಂದೆ ಈ ಎರಡು ಪುಟ ಇಡಿ. ಅವರು ಒಪ್ಪಂದಕ್ಕೆ ಬರಬೇಕಾಗಿಲ್ಲ. ಮಾತು ಮಾತ್ರ ಬೇರೆ ದಾರಿ ಹಿಡಿಯುತ್ತದೆ.

ಆದ್ದರಿಂದ ಹೊಸ ಪುಸ್ತಕ ಹಿಡಿಯುವ ಮೊದಲು ಇದೇ ಪುಸ್ತಕಕ್ಕೆ ಇನ್ನೊಮ್ಮೆ ಸೇರಿ. ಒಬ್ಬೊಬ್ಬರೂ ಒಂದೇ ಪುಟ ತನ್ನಿ, ಗಟ್ಟಿಯಾಗಿ ಓದಿ. ಪ್ರತಿಗಳು ಬೇರೆ ಬೇರೆ ಇದ್ದರೆ ಪುಟದ ಸಂಖ್ಯೆ ಹೊಂದುವುದಿಲ್ಲ. ಭಾಗ, ಅಧ್ಯಾಯದ ಸಂಖ್ಯೆ ಹೇಳಿಕೊಳ್ಳಿ. ಕಿರಿದು ಮಾಡಿದ ಪ್ರತಿ ಯಾರ ಕೈಯಲ್ಲಾದರೂ ಇದೆಯಾ ನೋಡಿ. ಪೂರ್ತಿ ಪುಸ್ತಕದಲ್ಲಿ 239 ಅಧ್ಯಾಯಗಳಿರಬೇಕು.

ಎದ್ದು ಹೋದ ಗೆಳತಿಯ ಬಗ್ಗೆ ನನಗೆ ಜಾಸ್ತಿ ಯೋಚನೆ. ಮದುವೆ ಮುರಿದ ಹೆಣ್ಣಿನ ಬಗ್ಗೆ ನಾಲ್ಕು ಜನ ಸಲೀಸಾಗಿ ತೀರ್ಪು ಕೊಡುತ್ತಿರುವಾಗ, ಪಕ್ಕದಲ್ಲಿ ಕೂತವರ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ತಿಳಿಯುವುದಿಲ್ಲ. ಏನಾಯಿತು ಎಂದು ಕೆದಕಬೇಡಿ. ನೀವೊಬ್ಬರೇ ಫೋನ್ ಮಾಡಿ. ‘ಮುಂದಿನ ಸಲ ನೀನೂ ಒಂದು ಪುಟ ಓದು, ಅಭಿಪ್ರಾಯ ಹೇಳಬೇಕಾಗಿಲ್ಲ’ ಎನ್ನಿ. ಬರಲು ಮನಸ್ಸಿಲ್ಲ ಎಂದರೆ ಬಿಟ್ಟುಬಿಡಿ, ಗೆಳೆತನ ಪುಸ್ತಕಕ್ಕಿಂತ ಹಳೆಯದು.

ನಾನೇ ನಿಮ್ಮ ಜೊತೆ ಕೂತಿದ್ದರೆ ಏಳನೇ ಭಾಗದ ಕೊನೆಯ ಅಧ್ಯಾಯ ತರುತ್ತಿದ್ದೆ. ರೈಲಿನ ಮೊದಲ ಬೋಗಿಯ ಕೆಳಗೆ ಬೀಳಬೇಕೆಂದು ಅನ್ನಾ ಅಂದುಕೊಳ್ಳುತ್ತಾಳೆ. ಕೈಗೆ ಹಾಕಿಕೊಂಡ ಕೆಂಪು ಚೀಲ ಬಿಚ್ಚುವಷ್ಟರಲ್ಲಿ ಆ ಬೋಗಿ ಮುಂದೆ ಹೋಗಿಬಿಡುತ್ತದೆ. ಅವಳು ಮುಂದಿನ ಬೋಗಿಗೆ ಕಾಯುತ್ತಾಳೆ. ಒಂದನೇ ಭಾಗದ 29ನೇ ಅಧ್ಯಾಯದಲ್ಲಿ ಅವಳು ಮನೆಗೆ ಮರಳುವ ರೈಲು ಹತ್ತಿದಾಗಲೂ ಕೈಯಲ್ಲಿ ಕೆಂಪು ಚೀಲ ಇತ್ತು. ಆಗ ಅದರಿಂದ ಪುಟ್ಟ ದಿಂಬೊಂದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎರಡು ಸಲ ಓದಿಯೂ ನಾನು ಇದನ್ನು ಗಮನಿಸಿರಲಿಲ್ಲ. ತೋರಿಸಿಕೊಟ್ಟವರು ನಮ್ಮ ಬಳಗದಲ್ಲಿ ಎಂದೂ ಬಾಯಿ ಬಿಡದ ಒಬ್ಬ ಗೆಳತಿ. ಅವತ್ತು ಅವರು ಹೇಳಿದ್ದು ಇಷ್ಟೇ: ‘ಈ ಚೀಲ ಮೊದಲೂ ಇತ್ತಲ್ವಾ?’

— ಸಂಪಾದಕ