ಎಐನಿಂದ ದೇಶಗಳ ಬಲಾಬಲ ನಿಜವಾಗಿಯೂ ಬದಲಾಗುತ್ತಿದೆಯೇ?

ಹೌದು, ಬದಲಾಗುತ್ತಿದೆ. ಎಲ್ಲರೂ ರೋಬೋಟ್ ಸೈನಿಕರ ಬಗ್ಗೆಯೇ ಮಾತಾಡುತ್ತಾರೆ, ಆದರೆ ಸದ್ಯದ ದೊಡ್ಡ ಜಗ್ಗಾಟ ಎಐ ಓಡಿಸಲು ಬೇಕಾದ ಕಂಪ್ಯೂಟರ್ ಚಿಪ್‌ಗಳದ್ದು. ಅತಿ ಮುಂದುವರಿದ ಚಿಪ್‌ಗಳಲ್ಲಿ ಹೆಚ್ಚಿನವು ತಯಾರಾಗುವುದು ತೈವಾನ್‌ನಲ್ಲಿ. ಅದಕ್ಕೆ ಬೇಕಾದ ಇಯುವಿ ಯಂತ್ರ, ಅಂದರೆ ವಿಶೇಷ ಬೆಳಕಿನಿಂದ ಚಿಪ್ ಮೇಲೆ ಅತಿ ಸಣ್ಣ ವಿನ್ಯಾಸ ಮೂಡಿಸುವ ಯಂತ್ರ, ಮಾರುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿ ಒಂದೇ. ಸೆಕೆಂಡಿಗೆ ಸುಮಾರು 50,000 ಕರಗಿದ ತವರದ ಹನಿಗಳಿಗೆ ಲೇಸರ್ ಹೊಡೆದು ಬೆಳಕು ಹುಟ್ಟಿಸುವ ಯಂತ್ರ ಅದು, ಸುಮ್ನೆ ದುಡ್ಡು ಸುರಿದರೆ ನಕಲು ಮಾಡಲು ಆಗುವಂಥದ್ದಲ್ಲ. ಈ ಹಿಡಿತ ತನ್ನ ಮತ್ತು ತನ್ನ ಆಪ್ತ ದೇಶಗಳ ಕೈಯಲ್ಲಿ ಇರುವುದರಿಂದಲೇ 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಚೀನಾಕ್ಕೆ ಹೋಗುವ ಎಐ ಚಿಪ್‌ಗಳಿಗೆ ಕಡಿವಾಣ ಹಾಕಿತು.

ನನಗೆ ಜಾಸ್ತಿ ಭಯ ಇರುವುದು ಯುದ್ಧಭೂಮಿಯ ಬಗ್ಗೆ. ಉಕ್ರೇನ್ ಯುದ್ಧದಲ್ಲಿ, ಸಿಗ್ನಲ್ ಜಾಮ್ ಆಗಿ ಚಾಲಕನ ಸಂಪರ್ಕ ಕಡಿದುಹೋದರೂ ಕೊನೆಯ ಹಂತದಲ್ಲಿ ಕ್ಯಾಮೆರಾ ನೋಡಿಕೊಂಡು ತಾನೇ ಗುರಿ ಮುಟ್ಟುವ ಡ್ರೋನ್‌ಗಳು ಆಗಲೇ ಬಂದಿವೆ. ಇವನ್ನು ಅಂಕೆಯಲ್ಲಿಡಲು ಎಲ್ಲ ದೇಶಗಳೂ ಒಪ್ಪಿದ ಒಪ್ಪಂದ ಮಾತ್ರ ಇನ್ನೂ ಆಗಿಲ್ಲ.